ತವರುಗೋಡೆ

ಹೊಳೆಸಾಲು ಗಣರಾಜ್ಯದ ವೈಜ್ಞಾನಿಕ ಚರಿತ್ರೆಯಲ್ಲಿ ಬಹುಕಾಲ ನಿಲ್ಲುವಂಥ, ಮುಂದಿನ ತಲೆಮಾರುಗಳು ತಲೆಬಾಗಿ ಓದಬೇಕಾದಂಥ ಒಂದು ನಿರ್ಣಯವನ್ನು ಇಲ್ಲಿ ಮೊದಲಿಗೇ ಹೇಳಿಬಿಡುವುದು ಅಗತ್ಯ: ಮೃತ್ತಿಕಾಧ್ವನಿ ಸಂಶೋಧನಾಲಯದ ಆಲಿಕೆಯ ಕೋಣೆಯಲ್ಲಿ ಇನ್ನು ಮುಂದೆ ಯಾರೂ ಮಂಡಕ್ಕಿ ತಿನ್ನಕೂಡದು.

ಈ ನಿರ್ಣಯದ ಹಿಂದೆ ನೋವಿತ್ತು. ನಿರ್ದೇಶಕ ಡಾ. ಕೊಟ್ರಬಸಪ್ಪನವರು ಹಳೆಯ ಗೋಡೆಯೊಂದರ ಹೆಂಟೆಯಲ್ಲಿ 'ಒಣ ಎಲೆಗಳ ಮೇಲೆ ನಡೆದು ಬರುತ್ತಿರುವ ಪುರಾತನ ಕಾಲಾಳು ಸೈನ್ಯ'ವನ್ನು ಕಂಡುಹಿಡಿದು, ಪತ್ರಿಕೆಯವರನ್ನು ಕರೆಸಿ, ಚಹಾ ಕೊಟ್ಟು, ಕೇಳಿಸಿಯೂ ಬಿಟ್ಟಿದ್ದರು. ಆ ಸೈನ್ಯ, ಧ್ವನಿ ಹಿಡಿಯುವಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸಹಾಯಕರೊಬ್ಬರ ಬಾಯಲ್ಲಿತ್ತು ಎಂಬುದು ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ಅದು ಏಳನೆಯ ತರಗತಿಯ ಪಠ್ಯಪುಸ್ತಕ ಸೇರಿತ್ತು. ಪಠ್ಯಪುಸ್ತಕ ಸೇರಿದ ಸೈನ್ಯವನ್ನು ಹಿಂದಕ್ಕೆ ಕರೆಸುವುದು ಯಾವ ಸರಕಾರದಿಂದಲೂ ಆಗುವ ಕೆಲಸವಲ್ಲ. ಹಾಗಾಗಿ ಸೈನ್ಯ ಉಳಿಯಿತು, ಮಂಡಕ್ಕಿ ಹೋಯಿತು.

ಅದು ಮಂಡಕ್ಕಿಯೆಂದು ಮೊದಲು ಗುರುತಿಸಿದವಳು ದಾನಮ್ಮ, ಸಂಶೋಧನಾಲಯದ ಹಿರಿಯ ಕೇಳುಗಾರ್ತಿ. ವಯಸ್ಸು ಐವತ್ತರ ಆಚೀಚೆ. ಕೂದಲು ಅರ್ಧ ಬೆಳ್ಳಗೆ, ಕಿವಿ ಪೂರ್ತಿ ಚುರುಕು. ಮುಚ್ಚಿದ ಬಾಗಿಲಾಚೆ ಯಾರ ಚಪ್ಪಲಿಯ ಉಂಗುಷ್ಟ ಸಡಿಲಾಗಿದೆ ಎಂದು ಹೇಳಬಲ್ಲ ಹೆಂಗಸು.

ಗೋಡೆಯ ಮಣ್ಣಿನಿಂದ ಹಳೆಯ ಮಾತು ಹೊರಡಿಸುವ ಸಂಶೋಧನಾಲಯದ ಯಂತ್ರದ ತತ್ವ ಸರಳ. ಹಸಿ ಮಣ್ಣನ್ನು ಅಂಗೈಯಿಂದ ಗೋಡೆಗೆ ತೀಡುವವರು ತೀಡುತ್ತ ಮಾತಾಡಿದರೆ, ಮಾತಿನ ನಡುಕ ಎದೆಯಿಂದ ತೋಳಿಗೆ, ತೋಳಿನಿಂದ ಅಂಗೈಗೆ ಇಳಿಯುತ್ತದೆ. ಅಂಗೈ ಎಳೆದ ಗೀರುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಗಳು ಉಳಿಯುತ್ತವೆ. ಗೋಡೆ ಒಣಗುತ್ತದೆ, ಅದರೊಂದಿಗೆ ಮಾತೂ ಒಣಗಿ ನಿಲ್ಲುತ್ತದೆ. ಹಗುರವಾದ ಮುಳ್ಳೊಂದನ್ನು ಆ ಗೀರುಗಳ ಮೇಲೆ ಹಾಯಿಸಿದರೆ ಸತ್ತವರು ಮತ್ತೆ ಮಾತಾಡುತ್ತಾರೆ. ಆ ಮಾತನ್ನು ಶಾಶ್ವತವಾಗಿ ಹಿಡಿದಿಡಲು ಮಾತ್ರ ಭಾರದ ಮುಳ್ಳು ಬೇಕು. ಅದು ಓದುತ್ತ ಓದುತ್ತ ಮಣ್ಣನ್ನು ತಿಂದುಬಿಡುತ್ತದೆ. ಆದ್ದರಿಂದ ಮೊದಲು ದಾನಮ್ಮ ಒಬ್ಬಳೇ ಕೂತು ಹಗುರ ಮುಳ್ಳಿನಲ್ಲಿ ಕೇಳಿ, ಹಿಡಿದಿಡಲು ಯೋಗ್ಯವೋ ಅಲ್ಲವೋ ಹೇಳಬೇಕು. ಮಣ್ಣಿನ ವಯಸ್ಸು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ನಿರ್ದೇಶಕರು ಊಹಿಸುತ್ತಿದ್ದರು. ಅವರ ಊಹೆ ಯಾವಾಗಲೂ ಸಾವಿರ ವರ್ಷದ ಕಡೆಗೇ ವಾಲುತ್ತಿತ್ತು.

ತೊಂದರೆಯೆಂದರೆ, ಅರಸರು ಗೋಡೆ ಸಾರಿಸುತ್ತಿರಲಿಲ್ಲ. ಸಾರಿಸುತ್ತಿದ್ದವರು ಹೆಂಗಸರು. ಹಾಗಾಗಿ ಗಣರಾಜ್ಯದ ಭವ್ಯ ಪ್ರಾಚೀನತೆಯೆಂದು ದೊರೆತದ್ದೆಲ್ಲ ಅತ್ತೆಯ ಮೊಣಕಾಲು ನೋವು, ಕಳೆದುಹೋದ ಕೋಳಿ, ಉಪ್ಪು ಹೆಚ್ಚಾದ ಸಾರು. ಅದರಲ್ಲೂ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಒಲೆಯ ಹಿಂದಿನ ಗೋಡೆ ಮಾತ್ರ. ವರ್ಷಗಟ್ಟಲೆ ಬಿಸಿ ಉಂಡು ಅಲ್ಲಿಯ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಉಳಿದ ಗೋಡೆಗಳು ಮುಳ್ಳು ತಾಗಿದರೆ ಪುಡಿ. ಆದ್ದರಿಂದ ಎಲ್ಲಿಂದ ಹೆಂಟೆ ತರಿಸಿದರೂ ಒಲೆಯ ಹಿಂದಿನದೇ ತರಿಸಬೇಕೆಂಬುದು ಅಲ್ಲಿನ ವಾಡಿಕೆಯಾಯಿತು. ಎಷ್ಟು ಹಳೆಯ ವಾಡಿಕೆಯೆಂದರೆ, ಅದೊಂದು ವಾಡಿಕೆ ಎಂಬುದೇ ಎಲ್ಲರಿಗೂ ಮರೆತಿತ್ತು.

ದೊಡ್ಡ ದೇಶಗಳೆಲ್ಲ ಒಡೆದು ಹೊಳೆಗೊಂದು, ಗುಡ್ಡಕ್ಕೊಂದು ರಾಜ್ಯಗಳಾಗಿ ಎಷ್ಟೋ ತಲೆಮಾರು ಕಳೆದಿದ್ದವು. ಹೊಳೆಯ ಈಚೆ ಹೊಳೆಸಾಲು, ಆಚೆ ದರೆಸೀಮೆ. ಅಲ್ಲಿಯವರ ಮಾತು ಬೇರೆ, ಜೋಳ ಅದೇ. ಈಚೆ ಜನ ಹೆಚ್ಚು, ನೆಲ ಕಡಿಮೆ. ಆಚೆ ನೆಲ ಹೆಚ್ಚು, ತುಪಾಕಿ ಕಡಿಮೆ. ಇಂಥ ಎರಡು ಸಂಗತಿ ಹೊಳೆಯ ಎರಡು ದಡದಲ್ಲಿ ಎದುರುಬದುರು ಕೂತಿದ್ದರೆ ಮಂತ್ರಿಗಳಿಗೆ ನಿದ್ದೆ ಹತ್ತುವುದು ಕಷ್ಟ. ಆದರೆ ಯುದ್ಧಗಳಲ್ಲಿ ಬೆಂದು ಬಂದಿದ್ದ ಹಿರಿಯರು ಸಂವಿಧಾನದಲ್ಲೊಂದು ವಾಕ್ಯ ಬರೆದಿಟ್ಟು ಹೋಗಿದ್ದರು: 'ಗಣರಾಜ್ಯವು ಅನ್ಯರ ನೆಲವನ್ನು ಯುದ್ಧದಿಂದ ಪಡೆಯತಕ್ಕದ್ದಲ್ಲ.' ಪ್ರತಿ ಶಾಲೆಯ ಗೋಡೆಯ ಮೇಲೂ ಇದ್ದ ಆ ವಾಕ್ಯವನ್ನು ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದಿದ್ದದ್ದು ಒಂದೇ ದಾರಿ. ಆ ನೆಲ ಅನ್ಯರದಲ್ಲ ಎಂದು ತೋರಿಸುವುದು.

ಉಪ್ಪಿನ ವ್ಯಾಪಾರಿಗಳ ಚೀಲದಲ್ಲಿ ಅಡಗಿ ದರೆಸೀಮೆಯ ಪಾಳುಮನೆಯೊಂದರ ಹೆಂಟೆ ಬಂತು. ದಾನಮ್ಮ ಹೆಡ್‌ಫೋನ್ ಹಾಕಿಕೊಂಡು ಮುಳ್ಳು ಇಳಿಸಿದಳು. ಮೊದಲು ಅಂಗೈ ಸವರುವ ಸರಸರ. ಆಮೇಲೆ, ಅಷ್ಟು ಹತ್ತಿರದಿಂದ, ಅವಳದೇ ಮಾತಿನಲ್ಲಿ, ವಯಸ್ಸಾದ ಹೆಂಗಸಿನ ದನಿ: "ಅಂಜಬ್ಯಾಡ ಮಗಳ. ಈ ಗೋಡಿ ನಮ್ಮದು..." ಅಲ್ಲಿಗೆ ಹೆಂಟೆ ಮುರಿದಿತ್ತು.

ದಾನಮ್ಮನ ಮುಂಗೈ ಕೂದಲು ನಿಂತವು. ಬಾಗಿಲಲ್ಲಿ ಕಾಯುತ್ತಿದ್ದ ಕೊಟ್ರಬಸಪ್ಪನವರು ಅದನ್ನೇ ನೋಡಿ ಒಳಗೆ ಬಂದರು.

"ಏನಂದ್ಲ್ರಿ ದಾನಮ್ಮಾರ?"

"ಈ ಗೋಡಿ ನಮ್ಮದು ಅಂದ್ಲ್ರಿ ಸರ್."

"ಕನ್ನಡದಾಗ?"

"ನಮ್ಮ ಓಣ್ಯಾಗ ಮಾತಾಡಿದಂಗ."

ಕೊಟ್ರಬಸಪ್ಪನವರು ಕಿಟಕಿಯಾಚೆ ಹೊಳೆಯ ಕಡೆ ನೋಡುತ್ತ ನಿಂತರು. "ಗೋಡಿ ನಮ್ಮದಂದ್ರ ಮನಿ ನಮ್ಮದು. ಮನಿ ನಮ್ಮದಂದ್ರ ಊರು ನಮ್ಮದು. ಊರು ನಮ್ಮದಂದ್ರ—"

"ಚಾ ಆರಾಕತ್ತದರಿ ಸರ್."

ಚಹಾ ಆರಿತು. ಮತ್ತೆ ದರೆಸೀಮೆಯ ಬೇರೆ ಬೇರೆ ಊರುಗಳ ಹೆಂಟೆ ಬಂದವು. ಒಂದರಲ್ಲಿ ಹೆಂಗಸರ ಗುಂಪು ನಗುತ್ತಿತ್ತು, ಇನ್ನೊಂದರಲ್ಲಿ ಯಾರೋ ಒಬ್ಬಳು ಮೂಗೆಳೆದು ಅಳುತ್ತಲೇ ಹಾಗಲಕಾಯಿ ಹುರಿಯುವುದು ಹೇಗೆಂದು ಹೇಳುತ್ತಿದ್ದಳು. ಎಲ್ಲ ಕನ್ನಡ. ದಾನಮ್ಮ ಮನೆಗೆ ಹೋದರೂ ಆ ಹೆಂಗಸರು ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಸಿಮೆಂಟಿನ ಗೋಡೆಗೆ ಕಿವಿ ಹಚ್ಚುತ್ತಿದ್ದಳು. ಸಿಮೆಂಟಿಗೆ ಮಾತು ಬಾರದು. ಆದರೂ ಆ ಕಡೆ ಯಾರೋ ಉಸಿರು ಹಿಡಿದು ತನ್ನ ಮಾತಿಗೇ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.

ಗಂಡ ಚನವೀರ ದರ್ಜಿ. ಪಡಸಾಲೆಯಲ್ಲೇ ಹೊಲಿಗೆ ಯಂತ್ರ. ದೇಶದ ಆಗುಹೋಗುಗಳನ್ನು ಅವನು ಪತ್ರಿಕೆಗಿಂತ ಬಟ್ಟೆಯಲ್ಲಿ ಓದುವವನು. ಮಗಳು ನೀಲಾ ಸೈನ್ಯದ ತೆಪ್ಪದ ಪಡೆಯಲ್ಲಿದ್ದಳು. ಹೊಳೆಗೆ ತೇಲುಸೇತುವೆ ಕಟ್ಟುವವರು. ರಜೆಯ ಮೇಲೆ ಬಂದವಳು ಅಪ್ಪನ ಎದುರು ಕೂತು ಕಡಲೆ ಸುಲಿಯುತ್ತಿದ್ದಳು.

"ಈ ಸಲ ಸಿಪಾಯಿ ಅಂಗಿಗೆ ಜೇಬು ಕಡಿಮಿ ಮಾಡ್ಯಾರ," ಎಂದ ಚನವೀರ. "ತಿರುಗಿ ಬರಾವ್ರಿಗೆ ಅಲ್ಲೇನು ಜೇಬು ಬೇಕಾಗೂದು?"

"ಅಪ್ಪಾ, ಅಪಶಕುನ ನುಡೀಬ್ಯಾಡ. ನಾವೇನು ಕಸ್ಗೊಳ್ಳಾಕ ಹೊಂಟೀವೇನು? ನಮ್ಮದು ನಾವು ತಗೊಳ್ಳಾಕ. ನಮ್ಮ ಮಂದಿ ಅಲ್ಲಿದ್ರಂತ, ಅವ್ವನ ಯಂತ್ರನ ಹೇಳೇತಿ. ಓಡಿಸಿರಬೇಕು ಅವರನ್ನ."

"ಓಡಿಸಿದ್ದು ಯಾರು ನೋಡ್ಯಾರ?"

"ಮತ್ತ ಮಾತಾಡಿದ್ದು ಸುಳ್ಳೇನು?"

ಚನವೀರ ಸೂಜಿಗೆ ದಾರ ಪೋಣಿಸಿ, ತುದಿಯನ್ನು ಹಲ್ಲಿನಲ್ಲಿ ಕಡಿದ. "ನಮ್ಮಜ್ಜಿ ಬಾಡಿಗಿ ಮನ್ಯಾಗ ಜನ್ಮ ಎಲ್ಲಾ ಮಾತಾಡ್ಯಾಳ. ನಿದ್ದ್ಯಾಗೂ ಮಾತಾಡ್ತಿದ್ಲು. ಆ ಮನಿ ನಮ್ಮದಾತೇನು? ಮಾಲಕ ಬಂದು ಸಾಮಾನು ಹೊರಗ ಇಟ್ಟಾಗ 'ಗೋಡೀನ ಕೇಳ್ರಿ' ಅಂತ ಅನ್ನಬೇಕಿತ್ತು, ನಮಗ ಹೊಳೀಲಿಲ್ಲ."

"ಅದು ಬ್ಯಾರೆ."

"ಹಂ, ನಮ್ಮಜ್ಜಿ ಹಂತ್ಯಾಕ ತೆಪ್ಪದ ಪಡೆ ಇರಲಿಲ್ಲ. ಅಷ್ಟ ಬ್ಯಾರೆ."

ನೀಲಾ ಕಡಲೆ ಕೆಳಗಿಟ್ಟು ಅಡುಗೆಮನೆಗೆ ಬಂದಳು. ನಗು ಹೋಗಿತ್ತು. "ಅವ್ವಾ, ಅಪ್ಪಂದು ಬಿಡು. ನೀ ಕೇಳೀದಿ. ನೀ ಹೌದಂದ್ರ ನಾ ಸೇತುವೆ ಕಟ್ಟತೀನಿ. ಅಲ್ಲಂದ್ರ ನಾಳೇನ ರಾಜೀನಾಮೆ ಕೊಡ್ತೀನಿ, ಇನ್ನೂ ಬಿಡ್ತಾರ. ಆಮ್ಯಾಲ ಬಿಡಾಂಗಿಲ್ಲ. ಅದು ನಮ್ಮ ನೆಲ ಹೌದೋ ಅಲ್ಲೋ?"

ದಾನಮ್ಮ ಕೇಳಿದ್ದನ್ನು ಕೇಳಿದೆ ಎಂದು ಹೇಳುವ ಹೆಂಗಸು. ಕೇಳದ್ದರ ಬಗ್ಗೆ ಯೋಚಿಸುವ ಅಭ್ಯಾಸ ಅವಳಿಗೆ ಕೆಲಸದಲ್ಲಿ ಬಂದಿರಲಿಲ್ಲ. "ಹೌದು ಅಂತಾಳವ್ವ ಗೋಡ್ಯಾಗಿನಾಕಿ," ಎಂದಳು.

ಮುಂದಿನ ವಾರ ಜನಸಭೆಯಲ್ಲೂ ಅದನ್ನೇ ಹೇಳಿದಳು. ಭಾರದ ಮುಳ್ಳಿನಿಂದ ಹಿಡಿದ ಆ ದನಿಯನ್ನು ಸಭೆಗೆ ಕೇಳಿಸಲಾಯಿತು. 'ಈ ಗೋಡಿ ನಮ್ಮದು.' ಸದಸ್ಯರು ಎದ್ದು ನಿಂತರು. ಹಾಗಲಕಾಯಿಯ ಹೆಂಟೆಯನ್ನು ಕೇಳಿಸಲಿಲ್ಲ. ಗಾಂಭೀರ್ಯಕ್ಕೆ ಕುಂದು ಎಂದು ಕೊಟ್ರಬಸಪ್ಪನವರು ಅದನ್ನು ಬೀರುವಿನಲ್ಲೇ ಬಿಟ್ಟಿದ್ದರು.

ಮುರಿದ ಹೆಂಟೆಯ ಉಳಿದರ್ಧ ಬಂದದ್ದು ಆಮೇಲೆ. ಅದೇ ಪಾಳುಮನೆ, ಅದೇ ಒಲೆಯ ಹಿಂದೆ. ವ್ಯಾಪಾರಿ ಎರಡನೆಯ ಸಲ ಹೋದಾಗ ನಿಷ್ಠೆಯಿಂದ ತಂದಿದ್ದ. ಭಾರದ ಮುಳ್ಳು ಮೇಲ್ಪದರ ತಿಂದು ಉಳಿಸಿದ್ದ ಮೊದಲರ್ಧದ ಒಡಕಿಗೆ ದಾನಮ್ಮ ಇದರ ಅಂಚು ಹೊಂದಿಸಿದಳು. ಕೂಡಿತು. ಮುಳ್ಳು ಇಳಿಸಿದಳು.

"...ಈ ಗೋಡಿ ಅಷ್ಟ. ಉಳಿದದ್ದೆಲ್ಲಾ ನಿನ್ನ ಗಂಡನ ಮಂದೀದು. ಅವರ ಜೋಡಿ ಅವರಂಗ ಇರು. ಬ್ಯಾಸರಾದಾಗ ಇದರ ಮುಂದ ಕುಂತು ರೊಟ್ಟಿ ಬಡಿ, ನಾವು ಕೇಳ್ತೀವಿ. ಏ ಹುಡುಗ್ಯಾರ, ಮಾತು ನಿಲ್ಲಿಸಬ್ಯಾಡ್ರೆ! ತವರಿನ ಕೈ ಗೋಡಿ ಮ್ಯಾಲ ಇರೂತನಕ ಮಾತು ನಿಲ್ಲಬಾರ್ದು. ನಿಂತ್ರ ಹುಡುಗಿ ಪರದೇಶದಾಗ ಮೂಕಿ ಆಗ್ತಾಳ. ಏನರೆ ಹೇಳ್ರಿ. ಹಾಡ್ರಿ. ಬೈರಿ."

ಆಮೇಲೆ ಹಲವು ಕೈಗಳ ಸರಸರ, ಹಲವು ದನಿ, ನಗು. ಅದರೊಳಗೆ ಒಂದು ಹುಡುಗಿ ಅಳುತ್ತಿದ್ದಳು.

ದಾನಮ್ಮ ಹೆಡ್‌ಫೋನ್ ತೆಗೆದಿಟ್ಟು ತನ್ನ ಅಂಗೈ ನೋಡಿಕೊಂಡಳು. ಅವಳ ಮದುವೆಯಲ್ಲೂ ತವರಿನವರು ಅತ್ತೆಮನೆಯ ಒಲೆಯ ಬಳಿ ಅರಿಶಿನದ ಕೈ ಒತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದ ಮೇಲೆ ಮಾತು ಬಿಟ್ಟುಹೋಗಿತ್ತು, ಕೈ ಉಳಿದಿತ್ತು. ದರೆಸೀಮೆಗೆ ಹೆಣ್ಣು ಕೊಡುತ್ತಿದ್ದ ಕಾಲವೊಂದಿತ್ತು. ಕೊಟ್ಟ ಮನೆಗೆ ಹೋಗಿ ತವರಿನ ಹೆಂಗಸರು ಒಲೆಯ ಹಿಂದಿನ ಒಂದೇ ಒಂದು ಗೋಡೆಯನ್ನು ತಮ್ಮ ಕೈಯಾರೆ, ಬಾಯಿ ಮುಚ್ಚದೆ ಮಾತಾಡುತ್ತ, ಸಾರಿಸಿ ಬರುತ್ತಿದ್ದರು. ಸಂಶೋಧನಾಲಯ ಕಿತ್ತು ತಂದದ್ದೆಲ್ಲ ಆ ಒಂದು ಗೋಡೆಯನ್ನೇ. ಉಳಿದ ಮೂರು ಗೋಡೆಗಳನ್ನು ಪುಡಿಯಾಗುತ್ತವೆಂದು ಯಾರೂ ಕೇಳಲೇ ಇಲ್ಲ.

ಕೊಟ್ರಬಸಪ್ಪನವರು ಪೂರ್ತಿ ಆಲಿಸಿದರು. ಅವರು ಮೂರ್ಖರಲ್ಲ, ಅದೇ ಕಷ್ಟ.

"ಹಂಗಾರ ಅವರು ನಮ್ಮ ಅಳಿಯಂದ್ರು," ಎಂದರು.

"ಹೌದ್ರಿ ಸರ್. ಬೀಗರು. ಅವರ ಮನಿ ನಮ್ಮದಲ್ಲ. ಸಭಾದಾಗ ಇದನ್ನೂ ಕೇಳಸ್ರಿ. ನಾ ಹೇಳಿದ್ದು ಅರ್ಧ ಆಗೇತಿ."

"ಕೇಳಸೂದ! ಕೇಳಸಲೇಬೇಕು." ಅವರ ಮುಖದ ಮೇಲೆ ಬೆಳಕು ಮೂಡಿದ್ದನ್ನು ದಾನಮ್ಮ ಮೊದಲು ಪಶ್ಚಾತ್ತಾಪವೆಂದೇ ತಿಳಿದಳು. "ದಾನಮ್ಮಾರ, ಇದು ಅದಕ್ಕಿಂತ ಚಲೋ ಆತಲ್ರಿ! ಹಿರ್ಯಾರು ಇದ್ದು ಬಿಟ್ಟು ಬಂದಿದ್ರು ಅಂದ್ರ ಯಾರರೆ 'ಯಾಕ ಬಿಟ್ರಿ' ಅಂತಿದ್ರು. ಈಗ ನೋಡ್ರಿ, ಹೆಣ್ಣು ಕೊಟ್ಟೀವಿ. ಹೆಣ್ಣಿಗೆ ಆಸ್ತ್ಯಾಗ ಪಾಲಿಲ್ಲೇನು? ಆ ಪಾಲು ಕೇಳಾವ್ರು ಯಾರು? ತವರಿನವರು. ಮತ್ತ ಆ ಹುಡುಗಿ ಅಳಾಕತ್ತಿದ್ಲಲ್ರಿ, ಕೇಳಿದ್ರಿಲ್ಲೋ?"

"ಎಲ್ಲಾ ಹುಡುಗ್ಯಾರೂ ಅಳ್ತಾರ್ರಿ, ಕೊಟ್ಟ ಮನ್ಯಾಗ ಮೊದಲ ದಿನಾ. ನಾನೂ ಅತ್ತೀನಿ."

"ನಿಮ್ಮದು ಯಾರೂ ಹಿಡಿದಿಟ್ಟಿಲ್ಲ," ಎಂದರು ಕೊಟ್ರಬಸಪ್ಪನವರು, ಸಾಕಷ್ಟು ಕರುಣೆಯಿಂದಲೇ.

ಜನಸಭೆ ಆ ಅಳುವನ್ನು ಆಲಿಸಿತು. ಮೊದಲ ಸಲ ಎದ್ದು ನಿಂತಿದ್ದವರು ಈ ಸಲ ಕಣ್ಣೊರೆಸಿಕೊಂಡರು. ಅನ್ಯರ ನೆಲವನ್ನು ಪಡೆಯತಕ್ಕದ್ದಲ್ಲ, ಸರಿ. ಮಗಳ ಮನೆ ಅನ್ಯರದ್ದೇ? ದರೆಸೀಮೆಯಲ್ಲಿ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಅಳುತ್ತಿದ್ದಾರೆ ಎಂದು ಮರುದಿನದ ಪತ್ರಿಕೆಗಳು ಬರೆದವು. ದಾಟಲಿದ್ದ ಸೈನ್ಯಕ್ಕೆ 'ತವರು ಪಡೆ' ಎಂದು ಹೆಸರಾಯಿತು. ದಾನಮ್ಮನ ತಪ್ಪು ಬಾಗಿಲನ್ನು ಅರ್ಧ ತೆರೆದಿತ್ತು. ಪೂರ್ತಿ ತೆರೆದದ್ದು ಅವಳ ಸತ್ಯ.

ದಾಟುವ ಮುಂಚಿನ ಸಂಜೆ ನೀಲಾ ಸಮವಸ್ತ್ರದಲ್ಲೇ ಬಂದಳು. ದಾನಮ್ಮ ಎಲ್ಲ ಹೇಳಿದಳು, ಒಡಕಿನ ಅಂಚು ಕೂಡಿದ್ದರಿಂದ ಹಿಡಿದು.

"ರಾಜೀನಾಮೆ ಕೊಡು ಈಗ. ನಾ ಹೇಳಿದ್ದು ತಪ್ಪಾಗೇತಿ."

"ಈಗ ಕೊಟ್ರ ಗುಂಡು ಹಾಕ್ತಾರವ್ವ. ನಿನ್ನೆಯಿಂದ ಕಾನೂನು." ನೀಲಾ ಹೊಸ್ತಿಲ ಮೇಲೆ ಕೂತಿದ್ದಳು. "ಅಂದ್ರ ಹೊಳೀ ಆಚೀ ದಂಡಿಗಿರಾವ್ರು ನಮ್ಮ ಮುತ್ತಜ್ಜಿಗೋಳ ಮೊಮ್ಮಕ್ಕಳು."

"ಹೂಂ."

"ಅವರ ಒಲೀಗೆ ನಾವು ಸೇತುವೆ ಕಟ್ಟೂದು."

ಚನವೀರ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಮಗಳ ಅಂಗಿಯನ್ನು ಬಿಚ್ಚಿಸಿಕೊಂಡು, ಒಳಗಡೆ ಒಂದು ಜೇಬು ಹೊಲಿದು ಕೊಟ್ಟ. ಜೋಕು ಮಾಡಲಿಲ್ಲ. ಅದರಿಂದಲೇ ಅವಳಿಗೂ ಅವನಿಗೂ ಭಯವಾಯಿತು.

ಯುದ್ಧ ಬೇಗ ಮುಗಿಯಿತು. ತುಪಾಕಿ ಕಡಿಮೆ ಇರುವವರ ಜೊತೆಗಿನ ಯುದ್ಧಗಳಿಗೆ ಆ ಒಂದು ಸೌಜನ್ಯ ಇರುತ್ತದೆ. ದರೆಸೀಮೆಯವರು ಮೇಲಿನ ಕಣಿವೆಗೆ ಹತ್ತಿಹೋದರು, ಎಲ್ಲರೂ ಅಲ್ಲ. ಹೊಳೆಸಾಲಿನ ಸಂಸಾರಗಳು ಬಂಡಿ ಹೂಡಿಕೊಂಡು ಆಚೆ ದಾಟಿ, ಒಲೆಯಲ್ಲಿ ಬೂದಿ ಇನ್ನೂ ಇದ್ದ ಮನೆಗಳನ್ನು ಹೊಕ್ಕವು. ಹೊಕ್ಕವರೆಲ್ಲ ಮನೆಯ ನಾಲ್ಕೂ ಗೋಡೆಗಳನ್ನು ಹೊಸದಾಗಿ ಸಾರಿಸಬೇಕು, ಸಾರಿಸುವಾಗ ಗಟ್ಟಿಯಾಗಿ ಕನ್ನಡದಲ್ಲೇ ಮಾತಾಡಬೇಕು ಎಂದು ಸರಕಾರ ಆಜ್ಞೆ ಮಾಡಿತು. ಮುಂದೊಂದು ದಿನ ಯಾರಾದರೂ ಕೇಳಿದರೆ ಎಂದು. ಪರೀಕ್ಷೆಗೆ ಬಂದ, ಪುಡಿಯಾಗುವಷ್ಟು ಇನ್ನೂ ಹಳತಾಗದ ಆ ಹೊಸ ಹೆಂಟೆಗಳನ್ನೂ ದಾನಮ್ಮನೇ ಕೇಳಬೇಕಿತ್ತು. ಮಾತು ತೋಚದ ಗಂಡಸೊಬ್ಬ ಮಗ್ಗಿ ಒಪ್ಪಿಸಿದ್ದ. ಒಬ್ಬಳು ಗೋಡೆಯುದ್ದಕ್ಕೂ 'ನಮ್ಮದು, ನಮ್ಮದು' ಎನ್ನುತ್ತ ಹೋಗಿ, ಕೊನೆಯ ಮೂಲೆಯಲ್ಲಿ ದನಿ ಇಳಿಸಿ, "ಯಾರ ತೊಟ್ಟಿಲೋ ಏನೋ ಶಿವನ, ಇಲ್ಲೇ ಬಿಟ್ಟು ಹೋಗ್ಯಾರ," ಎಂದಿದ್ದಳು. ಮುಳ್ಳಿಗೆ ಪಿಸುಮಾತೂ ಒಂದೇ, ಘೋಷಣೆಯೂ ಒಂದೇ.

ಆ ಗೋಡೆಗಳ ಹೊಸ ಪದರದ ಕೆಳಗೆ ಹಳೆಯ ಹೆಂಗಸರು ಇದ್ದೇ ಇದ್ದರು. ದಾನಮ್ಮನಿಗೆ ಅವರು ಈಗ ಮಾತಾಡುತ್ತಿರಲಿಲ್ಲ. ಅಂಗೈ ಗೋಡೆಯ ಮೇಲಿಟ್ಟು, ಮಾತು ನಿಲ್ಲಿಸಿ, ಅವಳ ಕಡೆ ತಿರುಗಿ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಅದಕ್ಕಿಂತ ಅವರ ಗಲಾಟೆಯೇ ಮೇಲಿತ್ತು.

ನೀಲಾ ಬರಲಿಲ್ಲ. ಸೇತುವೆಯ ಕೆಲಸ ಮುಗಿದ ದಿನದಿಂದ ಕಾಣೆ ಎಂದು ಪಡೆಯ ಕಚೇರಿಯಲ್ಲಿ ಹೇಳಿದರು. "ಸತ್ತಾಳೇನ್ರಿ?" ಎಂದು ಚನವೀರ ಕೇಳಿದ. ಅಧಿಕಾರಿ ಸಭ್ಯ ಮನುಷ್ಯ. "ಸತ್ತಿದ್ರ ಗೌರವ, ಬಿಟ್ಟು ಹೋಗಿದ್ರ ಗುಂಡು," ಎಂದ. "ಗೊತ್ತಾಗೂತನಕ ಕಾಣೆ ಅನ್ನೂದ ನಿಮಗೂ ಚಲೋ, ಅಕಿಗೂ ಚಲೋ." ಅಂದಿನಿಂದ ಗಂಡ ಹೆಂಡತಿ ಆ ಶಬ್ದವನ್ನು ಮನೆಯಲ್ಲಿ ಬಹಳ ಜೋಪಾನವಾಗಿ ಬಳಸುತ್ತಿದ್ದರು.

ದರೆಸೀಮೆಯೂ ಸಾಲದಾಯಿತು. ನೆಲದ ಹಸಿವಿಗೆ ಅದೊಂದು ಗುಣ, ಉಂಡಷ್ಟೂ ಹೊಟ್ಟೆ ದೊಡ್ಡದಾಗುತ್ತದೆ. ಮೇಲಿನ ಕಣಿವೆಯಲ್ಲಿ ನೀರಿತ್ತು, ಮರವಿತ್ತು, ಓಡಿಹೋದವರಿದ್ದರು. ಅಲ್ಲಿಗೆ ಹೊಳೆಸಾಲಿನಿಂದ ಹೆಣ್ಣು ಕೊಟ್ಟ ಸುದ್ದಿ ಯಾವ ಕಾಲದಲ್ಲೂ ಇರಲಿಲ್ಲ. ಆದರೂ ಒಂದು ಮಧ್ಯಾಹ್ನ ಕೊಟ್ರಬಸಪ್ಪನವರು ಹತ್ತಿಯಲ್ಲಿ ಸುತ್ತಿದ ಹೆಂಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

"ಮ್ಯಾಲಿನ ಕಣಿವೀದು. ಒಲೀ ಹಿಂದಿಂದು. ಕೇಳ್ರಿ. ಕನ್ನಡದ ಒಂದ ಶಬ್ದ ಇದ್ರ ಸಾಕು, ಮುಂದಿನದು ನನಗ ಬಿಡ್ರಿ. ನಾಳೆ ಮಂತ್ರಿಗಳು ಬರ್ತಾರ."

"ಎಷ್ಟು ಹಳೇದಿರಬಹುದ್ರಿ?"

"ಸಾವಿರ ವರ್ಷ," ಎಂದರು ಅವರು, ಹೆಂಟೆಯ ಕಡೆ ನೋಡದೆ.

ಕೋಣೆಯ ಬಾಗಿಲು ಹಾಕಿಕೊಂಡು ದಾನಮ್ಮ ಮುಳ್ಳು ಇಳಿಸಿದಳು. ಮಣ್ಣು ಮೆತ್ತಗಿತ್ತು, ಸರಿಯಾಗಿ ಬೆಂದೂ ಇರಲಿಲ್ಲ. ಎರಡು ಕೈಗಳ ಸರಸರ. ಆಮೇಲೆ:

"ಹಂಗಲ್ಲ, ಅಂಗೈ ಚಪ್ಪಟೆ ಇಡು. ಬೆರಳ ಗುರುತು ಬಿತ್ತು ನೋಡು. ನಮ್ಮವ್ವ ಕಂಡ್ರ ನಗ್ತಾಳ. ನೀ ಸರಿ ಅತ್ತಾಗ, ಇದನ್ನ ನೀವು ಮುಟ್ಟಬಾರ್ದು. ತವರಿನವರ ಸಾರಿಸಬೇಕು. ನನ್ನ ತವರಿಂದ ಯಾರು ಬರ್ತಾರ? ನನಗ ನಾನ ತವರು."

ದಾನಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

ಇನ್ನೊಂದು ದನಿ, ಗೋಡೆಯಿಂದ ಇನ್ನೂ ಅಂಗೈ ತೆಗೆಯದ ಮುದುಕಿಯದು, ಕಲಿತ ಕನ್ನಡದಲ್ಲಿ ಎಡವುತ್ತ ಕೇಳಿತು: "ಅವ್ವ... ಬರ್ತದೆ?"

ಕೈ ಒಂದು ಗಳಿಗೆ ನಿಂತಿತು. ಮತ್ತೆ ಸರಸರ.

"ಬರಬಾರ್ದು ಅತ್ತಿ. ಅಕಿ ಬಂದ್ರ ಅಕಿ ಬೆನ್ನಿಗೆ ಎಲ್ಲಾರೂ ಬರ್ತಾರ. ಮಾತು ನಿಲ್ಲಿಸಬಾರ್ದಂತ. ಏನರೆ ಹೇಳು. ನಿಮ್ಮ ಮಾತಿನ್ಯಾಗ ಮಣ್ಣಿಗೆ ಏನಂತಾರ?"

ಮುದುಕಿ ಏನೋ ಅಂದಳು. ನೀಲಾ ಅದನ್ನು ತಪ್ಪಾಗಿ ಅಂದಳು. ಇಬ್ಬರೂ ನಕ್ಕರು. ಹೆಂಟೆ ಅಲ್ಲಿಗೆ ಮುಗಿದಿತ್ತು.

ದಾನಮ್ಮ ಮುಳ್ಳನ್ನು ಮತ್ತೆ ಮೊದಲಿಗಿಡಲಿಲ್ಲ. ಚನವೀರನನ್ನು ಕರೆಸಿದಳು. ಊಟದ ಡಬ್ಬಿ ತಂದವನಂತೆ ಅವನು ಬಂದ. ಆಲಿಕೆಯ ಕೋಣೆಗೆ ಹೊರಗಿನವರು ಬರಕೂಡದು ಎಂಬ ನಿಯಮವಿತ್ತು. ಬಾಗಿಲ ಕಾವಲಿನವನು ಹೊಸ ಜುಬ್ಬದ ಆಸೆಗೆ ಆ ಕಡೆ ತಿರುಗಿ ನಿಂತ. ಅವಳು ಹೆಡ್‌ಫೋನನ್ನು ಗಂಡನ ಕಿವಿಗೆ ಹಾಕಿದಳು. ಚನವೀರ ಕೇಳಿದ. ಕೇಳುತ್ತ ಕೇಳುತ್ತ ಅವನ ಬಲಗಾಲು, ಹೊಲಿಗೆ ಯಂತ್ರ ತುಳಿಯುವ ಕಾಲು, ತಾನಾಗಿ ಅಲುಗುತ್ತಿತ್ತು.

"ಬದುಕ್ಯಾಳ," ಎಂದ.

"ಸಾರಿಸಿದ ದಿನಾ ಬದುಕಿದ್ಲು."

"ಅತ್ತಿ ಅಂದ್ಲಲ್ಲ. ಲಗ್ನ ಆಗ್ಯಾಳೇನ? ಊಟಕ್ಕೂ ಕರೀಲಿಲ್ಲ ನೋಡು." ಅವನ ನಗು ಅರ್ಧಕ್ಕೇ ಒಡೆಯಿತು. ಕಣ್ಣೊರೆಸಿಕೊಂಡು ಕೇಳಿದ: "ಈಗ?"

ದಾನಮ್ಮ ಬೆರಳು ಮಡಚಿ ಎಣಿಸುವವಳಂತೆ ನಿಧಾನವಾಗಿ ಹೇಳಿದಳು. "ಇದು ಹಳೇದು ಅಂತ ಸುಮ್ಮನಿದ್ರ, ಸೈನ್ಯ ಅಕಿ ಮನಿಗೆ ಹೋಗ್ತದ. ಹೊಸಾದು, ನನ್ನ ಮಗಳದು ಅಂದ್ರ, ಅಕಿ ಓಡಿಹೋದಾಕಿ ಅಂತ ಗುಂಡು ಹಾಕಾಕ ಹೋಗ್ತದ."

"ಮಗಳನ್ನ ಬಿಡಿಸ್ಕೊಂಡು ಬರಾಕ ಅಂತ ಹೆಸರಿಡ್ತಾರ."

"ಹೂಂ. ನಾ ಏನಂದ್ರೂ ಅದಕ್ಕ ಒಂದು ಹೆಸರು ಐತಿ ಅವರ ಹಂತ್ಯಾಕ."

"ಏನೂ ಕೇಳಲಿಲ್ಲ ಅಂತ ಅನ್ನು."

"ಭಾರದ ಮುಳ್ಳು ಹಚ್ಚಿ ಅವರ ಕೇಳ್ತಾರ."

ಇಬ್ಬರೂ ಹೆಂ​ಟೆಯನ್ನು ನೋಡಿದರು. ರೊಟ್ಟಿಯ ಚೂರಿನಷ್ಟಿತ್ತು. ಒಂದು ಬದಿಗೆ ಕಿರುಬೆರಳಿನ ಗುರುತು. ಚನವೀರ ಅದರ ಮೇಲೆ ತನ್ನ ಬೆರಳಿಟ್ಟು ತೆಗೆದ.

"ಇನ್ನೊಮ್ಮೆ ಕೇಳಲೇನು?" ಎಂದ.

ದಾನಮ್ಮ ಕೇಳಿಸಿದಳು. ತಾನು ಕೇಳಲಿಲ್ಲ. ಆಮೇಲೆ ಕುಡಿಯುವ ನೀರಿನ ತಂಬಿಗೆಯನ್ನು ತಂದು, ಚಹಾದ ಬಟ್ಟಲೊಂದರಲ್ಲಿ ಹೆಂಟೆಯನ್ನಿಟ್ಟು, ನೀರು ಸುರಿದಳು. ಸರಿಯಾಗಿ ಬೇಯದ ಮಣ್ಣು. ಗುಳ್ಳೆ ಬಿಟ್ಟಿತು, ಅಂಚು ಕರಗಿತು, ಬೆರಳಿನ ಗುರುತು ಅಗಲವಾಗಿ, ಮಸುಕಾಗಿ, ಕೂತುಹೋಯಿತು. ಅವಳು ಬೆರಳಾಡಿಸಿ ಕಲಕಿದಳು. ಅಷ್ಟು ವರ್ಷ ಸತ್ತವರ ಮಾತನ್ನು ಉಳಿಸಿದ್ದ ಕೈ ಬದುಕಿರುವವಳ ಮಾತನ್ನು ಕರಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕೊಟ್ರಬಸಪ್ಪನವರು ಬಂದಾಗ ಬಟ್ಟಲಲ್ಲಿ ಕೆಂಪು ರಾಡಿ ಇತ್ತು. ಅವರು ಅದನ್ನು ನೋಡಿದರು, ಗಂಡ ಹೆಂಡತಿಯನ್ನು ನೋಡಿದರು. ಬಹಳ ಓದಿದವರು, ಏನೋ ಅರ್ಥವಾಗಿರಬೇಕು.

"ಏನಿತ್ರಿ ಅದರಾಗ?" ಎಂದು ಮೆಲ್ಲಗೆ ಕೇಳಿದರು.

"ಮಣ್ಣಿತ್ರಿ ಸರ್," ಎಂದಳು ದಾನಮ್ಮ.

ಅವಳನ್ನು ಕೆಲಸದಿಂದ ತೆಗೆದರು. ಮೇಲಿನ ಕಣಿವೆಯ ಯುದ್ಧ ಮುಂದಿನ ವರ್ಷ ನಡೆಯಿತು; ಅಷ್ಟರಲ್ಲಿ ಬೇರೊಂದು ಗೋಡೆ ಸಿಕ್ಕಿತ್ತು.